ಬೀಗ ಹಾಕಿದರೆ ಏನಾಗುತ್ತದೆ

"ಇದನ್ನ ಈಗಲೇ ಇಳಿಸಿ ಟೀಚರ್. ನಾಳೆ ತಪಾಸಣೆಗೆ ಸಾಹೇಬ್ರು ಬರ್ತಾರೆ," ಎಂದರು ಹೆಡ್‌ಮಾಸ್ತರು. ಅವರ ಬೆರಳು ನಾಲ್ಕನೇ ತರಗತಿಯ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯತ್ತ ಚಾಚಿತ್ತು.

ಟೀಚರ್ ಜಾಗ ಬಿಟ್ಟು ಕದಲಲಿಲ್ಲ. ಎರಡು ವಾರದಿಂದ ಅವಳು ಮಕ್ಕಳಿಗೆ ವಿವರಣೆ ಬರೆಯುವುದನ್ನು ಕಲಿಸುತ್ತಿದ್ದಳು. ಏನಾಗುತ್ತದೆ, ಅದು ಏಕಾಗುತ್ತದೆ, ಅದರಿಂದ ಮುಂದೇನಾಗುತ್ತದೆ. ಒಂದರ ಬಾಲ ಹಿಡಿದು ಇನ್ನೊಂದು ಬರಬೇಕು. ಮೊದಲ ವಾರ ಮೂವತ್ತೆರಡು ಮಕ್ಕಳೂ ಪುಸ್ತಕದಲ್ಲಿದ್ದ 'ಮಳೆ ಹೇಗೆ ಬರುತ್ತದೆ' ಎಂಬ ಪಾಠವನ್ನೇ ಅಕ್ಷರ ಬಿಡದೆ ಇಳಿಸಿದ್ದರು. "ಮೋಡದ ಮೇಲೆ ಹತ್ತಿ ನೋಡ್ಕೊಂಡು ಬಂದ್ರೇನ್ರೋ? ಕಣ್ಣಾರೆ ಕಂಡಿದ್ದು ಬರೀರಿ," ಎಂದು ಅವಳು ಪುಸ್ತಕ ಮುಚ್ಚಿಸಿದ್ದಳು. ಒಬ್ಬ ಸೈಕಲ್ ಚೈನು ಏಕೆ ಕಳಚುತ್ತದೆಂದು ಬರೆದ. ಇನ್ನೊಬ್ಬ ಅಜ್ಜ ಏಕೆ ಗೊರಕೆ ಹೊಡೆಯುತ್ತಾನೆಂದು ಶುರುಮಾಡಿ, ಕಾರಣ ಹೊಳೆಯದೆ ಅರ್ಧಕ್ಕೇ ಕೈಬಿಟ್ಟ. ಕಿವಿ ಹತ್ತಿರ ಹಿಡಿದರಷ್ಟೇ ಮಾತು ಕೇಳುವಂಥ ಒಬ್ಬ ಹುಡುಗಿಯಿದ್ದಳು. ಎಲ್ಲರೂ ಅವಳನ್ನು ಪಿಸುಗುಟ್ಟಿ ಎನ್ನುತ್ತಿದ್ದರು. ಗೋಡೆಯ ಮೇಲಿನ ಹಾಳೆ ಅವಳದು:

"ಹುಡುಗಿಯರ ಶೌಚಾಲಯಕ್ಕೆ ಬೀಗ ಹಾಕಿದರೆ ಏನಾಗುತ್ತದೆ. ಸಾಹೇಬರು ಬರುವಾಗ ಸ್ವಚ್ಛವಾಗಿರಲಿ ಎಂದು ಒಂದು ತಿಂಗಳಿಂದ ಬೀಗ ಹಾಕಿದ್ದಾರೆ. ಬೀಗ ಇರುವುದರಿಂದ ನಾವು ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ. ನೀರು ಕುಡಿಯದಿದ್ದರೆ ಮಧ್ಯಾಹ್ನ ತಲೆ ನೋಯುತ್ತದೆ. ತಲೆ ನೋಯುವುದರಿಂದ ಲೆಕ್ಕ ತಪ್ಪುತ್ತದೆ. ಆದ್ದರಿಂದ ಹುಡುಗಿಯರು ದಡ್ಡರು ಎನ್ನುತ್ತಾರೆ."

"ಮಕ್ಕಳಿಗೆ ದೂರು ಬರೆಯೋದು ಹೇಳ್ಕೊಡ್ತಿದ್ದೀರಾ?"

"ದೂರಲ್ಲ ಸಾರ್. ಇದ್ರಲ್ಲಿ ಯಾರನ್ನೂ ಬೈದಿಲ್ಲ. ಒಂದು ಸಾಲು ಸುಳ್ಳಿದ್ರೆ ತೋರಿಸಿ, ನಾನೇ ಹರಿದು ಹಾಕ್ತೀನಿ."

ಹೆಡ್‌ಮಾಸ್ತರು ಹಾಳೆಯನ್ನು ಕಿತ್ತು ಮುದ್ದೆ ಮಾಡಿದರು. ಬಾಗಿಲ ಬಳಿ ನಿಂತು ದನಿ ತಗ್ಗಿಸಿ, "ನಿಮ್ಮದು ವರ್ಷ ವರ್ಷ ಆಗೋ ನೇಮಕ. ಮುಂದಿನ ವರ್ಷದ ಕಾಗದ ನನ್ನ ಮೇಜಿನ ಮೇಲಿದೆ, ನೆನಪಿರಲಿ," ಎಂದು ಹೋದರು.

ಟೀಚರ ಮನೆ ನಡೆಯುತ್ತಿದ್ದುದು ಅವಳೊಬ್ಬಳ ದುಡಿಮೆಯಿಂದ. ಅಷ್ಟರಲ್ಲಿ ಯಾರೋ ತೋಳು ಜಗ್ಗಿದರು. ಪಿಸುಗುಟ್ಟಿ. ಅಳುತ್ತಿರಬೇಕೆಂದು ಟೀಚರ್ ಬಗ್ಗಿದಳು.

"ಆ ಹಾಳೆ ಹೋದ್ರೆ ಹೋಗ್ಲಿ ಬಿಡಿ ಟೀಚರ್. ಅದ್ರಲ್ಲಿ ಒಂದು ವಿಷಯ ಬಿಟ್ಟೋಗಿತ್ತು. ಬೀಗದ ಕೈ ಯಾರ ಹತ್ರ ಇದೆ ಅಂತ ಬರ್ದೇ ಇರ್ಲಿಲ್ಲ."

ಟೀಚರ್ ಬೀರು ತೆರೆದು ಹೊಸ ಹಾಳೆ ಕೊಟ್ಟಳು. "ದಪ್ಪ ಅಕ್ಷರದಲ್ಲಿ ಬರಿ ಪುಟ್ಟಾ. ದೂರದಿಂದಲೂ ಕಾಣ್ಬೇಕು."

ಮರುದಿನ ಸಾಹೇಬರು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. "ಯಾರಮ್ಮ ಬರೆದದ್ದು? ಓದು, ಕೇಳೋಣ."

ಪಿಸುಗುಟ್ಟಿ ಎದ್ದು ನಿಂತಳು. ಮೊದಲ ಸಾಲು ಪಕ್ಕದವಳಿಗೂ ಕೇಳಿಸಲಿಲ್ಲ. "ಗಟ್ಟಿಯಾಗಿ," ಎಂದಳು ಟೀಚರ್. ಹುಡುಗಿ ಉಸಿರೆಳೆದುಕೊಂಡು ಮೊದಲಿನಿಂದ ಶುರುಮಾಡಿದಳು. ಈ ಸಲ ಹಿಂದಿನ ಬೆಂಚಿಗೂ ಕೇಳಿಸಿತು. "ಬೀಗದ ಕೈ ಹೆಡ್‌ಮಾಸ್ತರ ಜೇಬಿನಲ್ಲಿದೆ" ಎಂಬಲ್ಲಿಗೆ ಬಂದಾಗ, ಸಾಹೇಬರ ಪಕ್ಕ ನಿಂತಿದ್ದ ಹೆಡ್‌ಮಾಸ್ತರ ಕೈ ತಾನಾಗಿಯೇ ಜೇಬು ಮುಟ್ಟಿಕೊಂಡಿತು. ಮಕ್ಕಳು ಕಿಸಕ್ಕೆಂದರು.

"ಟೀಚರ್, ಇದು ನೀವು ಬರೆಸಿದ್ದಾ?" ಎಂದರು ಸಾಹೇಬರು.

"ವಿವರಣೆ ಬರೆಯೋದು ಹೇಗಂತ ಕಲಿಸಿದ್ದು ನಾನು. ಬರೆದದ್ದು ಅವಳು. ಗೋಡೆಗೆ ಅಂಟಿಸಿದ್ದು ನಾನೇ ಸಾರ್, ಎರಡು ಸಲ."

ಸಾಹೇಬರು ಹೆಡ್‌ಮಾಸ್ತರ ಕಡೆ ಅಂಗೈ ಚಾಚಿದರು.

ಹತ್ತು ನಿಮಿಷದಲ್ಲಿ ಬೀಗ ತೆರೆಯಿತು. ಮುಂದಿನ ವರ್ಷದ ಕಾಗದಕ್ಕೆ ಮಾತ್ರ ರುಜು ಬೀಳಲಿಲ್ಲ. ಟೀಚರ್ ಒಮ್ಮೆ ಹೋಗಿ ಕೇಳಿದಳು. "ನೋಡೋಣ" ಎಂದರು ಹೆಡ್‌ಮಾಸ್ತರು, ತಲೆಯೆತ್ತದೆ. ಮತ್ತೆ ಕೇಳಲು ಅವಳು ಹೋಗಲಿಲ್ಲ.

ಸೋಮವಾರ ಅವಳು ಬೋರ್ಡಿನ ಮೇಲೆ "ಇನ್ನೊಂದು ವಿವರಣೆ" ಎಂದಷ್ಟೇ ಬರೆದಳು. ಯಾವುದರ ಬಗ್ಗೆ ಎಂದು ಒಬ್ಬರೂ ಕೇಳಲಿಲ್ಲ; ಕಣ್ಣಾರೆ ಕಂಡದ್ದು ಈಗ ಎಲ್ಲರ ಬಳಿಯೂ ಇತ್ತು. ತಲೆಗಳು ಬಗ್ಗಿದವು. ಮುಂದಿನ ಬೆಂಚಿನಲ್ಲಿ ಒಬ್ಬಳ ಪೆನ್ಸಿಲ್ ಮುರಿಯಿತು. ಟೀಚರ್ ಅದನ್ನು ಇಸಿದುಕೊಂಡು ಕಿಟಕಿಯ ಬಳಿ ಕೂತು ಬ್ಲೇಡಿನಿಂದ ನಿಧಾನವಾಗಿ ಚೂಪು ಮಾಡತೊಡಗಿದಳು. ಸಿಪ್ಪೆ ಸುರುಳಿ ಸುರುಳಿಯಾಗಿ ಮಡಿಲಿಗೆ ಬೀಳುತ್ತಿತ್ತು.