ಅತ್ತೆ ಕೂತ ಕಡೆಯ ಗಾಜು

ನಮ್ಮೂರಿಂದ ಎಲ್ ಆಲ್ತೋ ಪೇಟೆಗೆ ಬಾಡಿಗೆ ಲಾರಿಯಲ್ಲಿ ತಲೆಗೆ ಹನ್ನೆರಡು ಬೊಲಿವಿಯಾನೊ. ಆಲೂಗಡ್ಡೆ ಮೂಟೆಗೆ ಎಂಟು. ಕುರಿಗೆ ಆರು, ಅದು ನಿಂತುಕೊಂಡೇ ಬರುವುದಾದರೆ. ತೊಡೆಯ ಮೇಲೆ ಕೂತ ಮಗುವಿಗೆ ಏನೂ ಇಲ್ಲ. ಇಷ್ಟು ದಿನ ನಮ್ಮ ಸಂಸಾರ ಪೇಟೆಗೆ ಹೋಗಿ ಬಂದದ್ದು ಈ ಕೊನೆಯ ರಿಯಾಯಿತಿಯ ಮೇಲೆಯೇ. ಮೊಮ್ಮಗಳು ದಾಮರಿಸ್ ನನ್ನ ತೊಡೆಯ ಮೇಲೆ, ಅವಳ ತಮ್ಮ ಎಲ್ಮೆರ್ ನನ್ನ ಮಗಳು ನೆಲಿದಾಳ ತೊಡೆಯ ಮೇಲೆ, ಅಳಿಯ ರುಫೀನೊ ಹಿಂದೆ ಮೂಟೆಗಳ ಮೇಲೆ. ಈಗ ನೆಲಿದಾಗೆ ಎಂಟು ತಿಂಗಳು ತುಂಬಿತ್ತು. ಹೊಟ್ಟೆ ಮುಂದೆ ಬಂದ ಮೇಲೆ ಅವಳಿಗೆ ತೊಡೆಯೇ ಉಳಿದಿರಲಿಲ್ಲ. ದಾಮರಿಸ್‌ಳನ್ನು ನೋಡಿ ಲಾರಿಯವನು, "ಈ ಹುಡುಗಿ ಕಾಲು ನೆಲ ಮುಟ್ತಾ ಇದೆ ಅಜ್ಜಿ, ಇನ್ನು ದುಡ್ಡು ಕೊಡ್ಬೇಕು" ಎಂದಿದ್ದ.

ಆದರೆ ನಾವು ಗಾಡಿ ಕೊಳ್ಳಲು ಹೊರಟದ್ದು ಹನ್ನೆರಡು ಬೊಲಿವಿಯಾನೊ ಉಳಿಸಲು ಅಲ್ಲ. ಎಲ್ಮೆರ್ ಹುಟ್ಟಿದ್ದು ಆ ಬಾಡಿಗೆ ಲಾರಿಯಲ್ಲಿ, ಈರುಳ್ಳಿ ಮೂಟೆಗಳ ನಡುವೆ. ಆಸ್ಪತ್ರೆ ಇನ್ನೂ ಅರ್ಧ ದಾರಿ ದೂರವಿತ್ತು. ಲಾರಿಯವನು ದಾರಿಯಲ್ಲಿ ಸಿಕ್ಕ ಒಬ್ಬೊಬ್ಬರನ್ನೂ ಹತ್ತಿಸಿಕೊಳ್ಳುತ್ತಾ ಬಂದಿದ್ದ. ಹೊಕ್ಕುಳಬಳ್ಳಿ ಕತ್ತರಿಸಿದವಳು ನಾನು. ಅವತ್ತು ನನ್ನ ಹೊದ್ದ ಶಾಲು ಪೂರ್ತಿ ರಕ್ತವಾಗಿದ್ದನ್ನು ನೋಡಿದವಳಿಗೆ ಇನ್ನೊಂದು ಸಲ ಅದನ್ನು ನೋಡುವ ಎದೆ ಇರಲಿಲ್ಲ. ಹಾಗಾಗಿ ಪೇಟೆಯಲ್ಲಿದ್ದ ನನ್ನ ಅಂಗಡಿಯ ಜಾಗವನ್ನು ಮಾರಿದೆ. ಅಂಗಡಿ ಎಂದರೆ ಎರಡು ಮೀಟರ್ ಫುಟ್‌ಪಾತು, ಮೇಲೊಂದು ನೀಲಿ ಟಾರ್ಪಾಲು. ಆದರೆ ಮದುವೆಗೆ ಮುಂಚಿನಿಂದ ಅಲ್ಲಿ ಕೂತು ಒಣಗಿಸಿದ ಆಲೂಗಡ್ಡೆ ಮಾರಿದವಳು ನಾನು. ಆ ಹಣಕ್ಕೆ ರುಫೀನೊ ತನ್ನ ಹೋರಿಗಳನ್ನು ಮಾರಿ ಸೇರಿಸಿದ. ಒಟ್ಟು ಏಳು ಸಾವಿರದ ಐನೂರು ಡಾಲರ್. ಅದು ಒಂದರ ಮೇಲೊಂದು ಉಟ್ಟ ನನ್ನ ಲಂಗಗಳಲ್ಲಿ ಮೂರನೆಯದರ ಒಳಜೇಬಿನಲ್ಲಿತ್ತು. ಅದು ಹೋದರೆ ಮತ್ತೆ ಮಾರಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಪೇಟೆಯಲ್ಲಿ ಗುರುವಾರವೂ ಭಾನುವಾರವೂ ಗಾಡಿಗಳ ಸಂತೆ; ನಾವು ಗುರುವಾರ ಹೋದೆವು. ಗಾಡಿಗಳ ಸಾಲು ಬೆಟ್ಟದ ಅಂಚಿನವರೆಗೂ ಇತ್ತು. ಗಾಳಿ ಮುಖಕ್ಕೆ ಮಣ್ಣು ಎರಚುತ್ತಿತ್ತು. ರುಫೀನೊ ಒಳ್ಳೆಯ ಹುಡುಗ, ಕುಡಿದು ಬಡಿಯುವವನಲ್ಲ, ಆದರೆ ಅವನಿಗೊಂದು ಕಾಯಿಲೆ ಇದೆ: ಮೊದಲು ಕಂಡದ್ದೇ ಇಷ್ಟವಾಗಿಬಿಡುತ್ತದೆ. ನನ್ನ ಮಗಳನ್ನೂ ಹಾಗೇ ಮದುವೆಯಾದ. ಅವತ್ತು ಅದೃಷ್ಟ ಚೆನ್ನಾಗಿತ್ತು.

ಅವನ ಕಣ್ಣಿಗೆ ಬಿದ್ದದ್ದು ಒಂದು ಕೆಂಪು ಪಿಕಪ್. ಮುಂದೆ ಎರಡು ಬಾಗಿಲು, ಹಿಂದೆ ಎರಡು ಬಾಗಿಲು, ಅದರ ಹಿಂದೆ ಮೂಟೆ ಹೇರಲು ಜಾಗ. ಬಣ್ಣ ಹೊಸ ತುಟಿರಂಗಿನ ಹಾಗೆ ಹೊಳೆಯುತ್ತಿತ್ತು. ಅದರ ಮಾಲೀಕ ದೋನ್ ಇಲಾರಿಯೋನ್ ಎಂಬವನು, ದಪ್ಪ ಜಾಕೆಟ್ಟಿನ ಮನುಷ್ಯ, ದೂರದಿಂದಲೇ ಕೂಗಿದ.

"ಬನ್ನಿ ತಾಯೀ, ನೋಡೋಕೆ ದುಡ್ಡಿಲ್ಲ! ಮಕ್ಕಳನ್ನ ಹತ್ತಿಸಿ. ಗಾಡಿ ಸರಿಯೋ ಅಲ್ವೋ ಅಂತ ಮಕ್ಕಳೇ ಹೇಳ್ತವೆ."

ಮಕ್ಕಳು ಹತ್ತಿಬಿಟ್ಟವು. ದಾಮರಿಸ್ ಕಿಟಕಿಯ ಪಕ್ಕ ಕೂತು, "ಇದು ನಂದು. ಪಾಪು ಬಂದ್ರೂ ನಂದೇ" ಎಂದಳು.

"ಅತ್ತೇ, ಹಿಂದಿನ ಸೀಟ್ ನೋಡಿ," ಎಂದ ರುಫೀನೊ. "ನೆಲಿದಾ ಆರಾಮಾಗಿ ಮಲಗ್ಬೋದು."

"ಮಲಗೋಕೆ ಮನೇಲಿ ಮಂಚ ಇದೆ. ಇದು ಓಡುತ್ತಾ ಕೇಳು."

"ಓಡುತ್ತಾ ಅಂದ್ರೆ? ಕಾಗದ ಪತ್ರ ಎಲ್ಲ ಸರಿ ಇದೆ, ಎಂಜಿನ್ ಬೆಕ್ಕಿನ ಥರ ಇದೆ," ಎಂದ ಇಲಾರಿಯೋನ್. "ಎಂಟು ಸಾವಿರ. ನಿಮ್ಮ ಮಗಳ ಹೊಟ್ಟೆ ನೋಡಿ ಏಳೂವರೆ."

ನಮ್ಮ ಬಳಿ ಇದ್ದದ್ದೇ ಅಷ್ಟು. ಅದು ಅವನಿಗೆ ಹೇಗೆ ಗೊತ್ತಾಯಿತೆಂದು ಲಂಗದ ಮೇಲಿಂದಲೇ ಜೇಬು ಮುಟ್ಟಿ ನೋಡಿಕೊಂಡೆ. ರುಫೀನೊನ ಮುಖ ನೋಡಿದರೆ ಯಾರಿಗೂ ಗೊತ್ತಾಗುತ್ತಿತ್ತು, ಬಿಡಿ.

ನಾನು ಕೇಳಬೇಕಾದದ್ದು ಒಂದೇ ಇತ್ತು. ಜಪಾನಿನಲ್ಲಿ ಗಾಡಿಗಳ ಸ್ಟಿಯರಿಂಗು ಬಲಗಡೆ ಇರುತ್ತದೆ, ನಮ್ಮಲ್ಲಿ ಎಡಗಡೆ. ಅಲ್ಲಿಯ ಹಳೆಯ ಗಾಡಿಗಳು ಹಡಗಿನಲ್ಲಿ ಬಂದಾಗ ಶೆಡ್ಡುಗಳಲ್ಲಿ ಅವುಗಳ ಹೊಟ್ಟೆ ಬಗೆದು, ಸ್ಟಿಯರಿಂಗನ್ನು ಕಿತ್ತು ಈ ಕಡೆಗೆ ಬೆಸುಗೆ ಹಾಕುತ್ತಾರೆ. ಕೆಲವರು ಚೆನ್ನಾಗಿ ಮಾಡುತ್ತಾರೆ. ನನ್ನ ತಮ್ಮ ಸವೇರಿಯೊನ ಗಾಡಿಗೆ ಮಾಡಿದವನು ಚೆನ್ನಾಗಿ ಮಾಡಿರಲಿಲ್ಲ. ನಮ್ಮೂರ ದಾರಿಯ ಸರೋವರದ ತಿರುವಿನಲ್ಲಿ ಸ್ಟಿಯರಿಂಗು ಅವನ ಕೈಗೇ ಬಂತು. ಗಾಡಿ ಜವೆಗೋಧಿ ಹೊಲಕ್ಕೆ ನುಗ್ಗಿ ನಿಂತಿತು. ಅವನು ಬದುಕಿದ, ಬಲಗಾಲು ಮಾತ್ರ ಇವತ್ತಿಗೂ ಮಡಚುವುದಿಲ್ಲ. ಎರಡು ಅಡಿ ಆಚೆ ಹೋಗಿದ್ದರೆ ನೀರು.

"ಸ್ಟಿಯರಿಂಗು ಹುಟ್ಟಿದ್ದೇ ಎಡಗಡೆನಾ?" ಎಂದೆ.

"ಹುಟ್ಟಿದ್ದೇ ಎಡಗಡೆ. ನಮ್ಮಮ್ಮನ ಮೇಲಾಣೆ."

"ಅಮ್ಮ ಇದ್ದಾರಾ?"

"ಇದ್ದಾರೆ, ಗಟ್ಟಿಯಾಗಿದ್ದಾರೆ."

"ಹಾಗಾದ್ರೆ ಆಣೆ ಜೋಪಾನ."

ಪಕ್ಕದಲ್ಲಿ ಒಲೆ ಇಟ್ಟುಕೊಂಡು ನೇರಳೆ ಮೆಕ್ಕೆಜೋಳದ ಬಿಸಿ ಗಂಜಿ ಮಾರುತ್ತಿದ್ದ ಮುದುಕಿ ದೋನ್ಯಾ ಪಾಸ್ಕುವಾಲಾ ಕಿಸಕ್ಕೆಂದು ನಕ್ಕಳು. ಇಲಾರಿಯೋನನೂ ನಕ್ಕ. ನಗುನಗುತ್ತಲೇ ಬಂಪರಿನ ಕೆಳಗಿನಿಂದ ಒಂದು ಬಕೆಟ್ಟನ್ನು ಕಾಲಿನಿಂದ ಮುಂದಕ್ಕೆ ಎಳೆದ. ಅದರಲ್ಲಿ ಬಿಯರ್ ಬಾಟಲಿ, ಬಣ್ಣದ ಕಾಗದದ ಚೂರು, ಹೂವಿನ ಹಾರ ಎಲ್ಲ ತಯಾರಾಗಿದ್ದವು.

ಅದನ್ನು ನೋಡಿ ನನಗೆ ಎಚ್ಚರವಾಗಬೇಕಿತ್ತು. ಕೊಂಡ ಗಾಡಿಗೆ ನಾವು ಚಲ್ಯಾ ಮಾಡುತ್ತೇವೆ, ಎಂದರೆ ಟೈರಿಗೆ, ಮೂತಿಗೆ ಬಿಯರ್ ಚಿಮುಕಿಸಿ ಗಾಡಿಯನ್ನು ಮನೆಯವರಲ್ಲಿ ಒಬ್ಬರನ್ನಾಗಿ ಮಾಡಿಕೊಳ್ಳುತ್ತೇವೆ. ಹಣ ಕೊಡುವುದು ಆಮೇಲಾದರೂ ಆದೀತು, ಚಲ್ಯಾ ಆದ ಮೇಲೆ ಆ ಸಾಲಿನಲ್ಲಿ ಮಾತು ಹಿಂದಕ್ಕೆ ಹೋಗುವುದಿಲ್ಲ. ಚಲ್ಯಾ ಮಾಡಿ ಕೈಬಿಟ್ಟ ಗಾಡಿ ಮನೆಯ ಅತಿ ಸಣ್ಣ ಜೀವವನ್ನು ಬಲಿಯಾಗಿ ಕೇಳುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ನೆಲಿದಾ ಅದನ್ನು ಕೇಳಿಕೊಂಡೇ ಬೆಳೆದವಳು.

ಅಷ್ಟರಲ್ಲಿ ಆಲಿಕಲ್ಲು ಬಿತ್ತು. ಸಾಸಿವೆಯಷ್ಟು ಸಣ್ಣದು, ಆದರೆ ಮುಖಕ್ಕೆ ಚುಚ್ಚುವಂಥದು. ನೆಲಿದಾ ಗಂಜಿಯ ಟಾರ್ಪಾಲಿನ ಕೆಳಗೆ ಹೋದಳು. ನಾನು ಗಾಡಿಯ ಮುಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡೆ. ರುಫೀನೊ ಓಡಿಸುವವನ ಜಾಗದಲ್ಲಿ ಕೂತು ಎಂಜಿನ್ ಶುರುಮಾಡಿದ. ಎಂಜಿನ್ ನಿಜಕ್ಕೂ ಬೆಕ್ಕಿನ ಥರವೇ ಇತ್ತು.

"ವೈಪರ್ ಹಾಕು," ಎಂದೆ.

ಹಾಕಿದ. ವೈಪರುಗಳು ಚುರುಕಾಗಿ ಆಡಿದವು. ನನ್ನ ಮುಂದಿನ ಗಾಜು ಮೂಲೆಯವರೆಗೂ ಸ್ವಚ್ಛವಾಯಿತು.

"ನೋಡಿದ್ರಾ, ಹೊಸದರ ಥರ!" ಎಂದು ರುಫೀನೊ ಇಳಿದು ಹೋದ. ಹೊರಗಿನಿಂದ ಇಲಾರಿಯೋನ್ ಅವನನ್ನು ಕರೆದಿದ್ದ.

ನಾನು ಅಲ್ಲೇ ಕೂತಿದ್ದೆ. ನನ್ನ ಮುಂದೆ ಬೆಟ್ಟದ ಹಿಮ, ಮನೆಗಳು, ತಂತಿಯ ಮೇಲೆ ಕೂತ ಪಾರಿವಾಳ ಎಲ್ಲ ಕಾಣುತ್ತಿತ್ತು. ರುಫೀನೊ ಕೂತಿದ್ದ ಕಡೆ ನೋಡಿದೆ. ಅಲ್ಲಿ ಗಾಜಿನ ಎಡ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಅಂಗೈಯಷ್ಟು ಅಗಲಕ್ಕೆ ಆಲಿಕಲ್ಲು ಹಾಗೇ ಕೂತಿತ್ತು. ವೈಪರು ಅದರ ಹತ್ತಿರ ಹೋಗಿ, ಮುಟ್ಟದೆ, ವಾಪಸು ಬರುತ್ತಿತ್ತು. ಗಾಡಿ ಓಡಿಸುವವನಿಗೆ ಕಾಣಿಸದ ಹಾಗೆ, ಪಕ್ಕದಲ್ಲಿ ಕೂತವಳಿಗೆ ಪೂರ್ತಿ ಕಾಣಿಸುವ ಹಾಗೆ ಯಾರು ಗಾಡಿ ಮಾಡುತ್ತಾರೆ? ಅತ್ತೆಗೋಸ್ಕರ ಗಾಜು ಒರೆಸುವ ಗಾಡಿಯನ್ನು ಈ ಪ್ರಪಂಚದಲ್ಲಿ ಯಾರೂ ಮಾಡಿಲ್ಲ.

ಕಾಲ ಕೆಳಗಿನ ರಬ್ಬರ್ ಹಾಸನ್ನು ಎತ್ತಿದೆ. ಅದರಡಿಯ ಕಾರ್ಪೆಟ್ಟಿನಲ್ಲಿ, ನನ್ನ ಬಲ ಹಿಮ್ಮಡಿ ಇದ್ದಲ್ಲಿ, ಬಟ್ಟಲಿನ ಹಾಗೆ ಸವೆದ ಗುಳಿ. ಸುಮ್ಮನೆ ಕೂತು ಬರುವವರ ಹಿಮ್ಮಡಿ ಹಾಗೆ ಸವೆಸುವುದಿಲ್ಲ. ವರ್ಷಗಟ್ಟಲೆ ಆಕ್ಸಿಲರೇಟರ್ ಒತ್ತಿದ ಕಾಲು ಅದು. ಯಾವನೋ ಜಪಾನಿನವನು ನಾನು ಕೂತ ಜಾಗದಲ್ಲೇ ಕೂತು ಈ ಗಾಡಿ ಓಡಿಸಿದ್ದ.

ತಲೆಯೆತ್ತಿದೆ. ಸ್ವಚ್ಛವಾದ ಗಾಜಿನಾಚೆ ರುಫೀನೊ ನಿಂತಿದ್ದ. ಕೈಯಲ್ಲಿ ಗ್ಲಾಸು. ಇಲಾರಿಯೋನ್ ಅದಕ್ಕೆ ಬಿಯರ್ ಸುರಿಯುತ್ತಿದ್ದ.

ಬಾಗಿಲಿನ ಹಿಡಿ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಗಾಜನ್ನು ಅಂಗೈಯಿಂದ ಬಡಿದು "ಬೇಡ, ರುಫೀನೊ, ಬೇಡ!" ಎಂದು ಕೂಗಿದೆ. ಅವನು ನನ್ನ ಕಡೆ ನೋಡಿದ. ಅತ್ತೆಗೆ ಖುಷಿಯಾಗಿದೆ ಎಂದುಕೊಂಡನೋ ಏನೋ, ಪ್ರೀತಿಯಿಂದ ಕೈಯಾಡಿಸಿದ. ಆಮೇಲೆ ಮುಂದಿನ ಚಕ್ರದ ಕಡೆ ಬಗ್ಗಿದ.

ನಾನು ಲಂಗಗಳನ್ನೆಲ್ಲ ಎತ್ತಿಕೊಂಡು, ಗೇರನ್ನು ದಾಟಿ, ಓಡಿಸುವವನ ಬಾಗಿಲಿನಿಂದ ಹೊರಗೆ ಬೀಳುವಷ್ಟರಲ್ಲಿ ಇಲಾರಿಯೋನ್ ಬಣ್ಣದ ಕಾಗದವನ್ನು ಗಾಳಿಗೆ ತೂರಿದ್ದ. "ಆಯ್ತು, ಚಲ್ಯಾ ಆಯ್ತು! ಒಳ್ಳೇದಾಗ್ಲಿ!" ಸಾಲಿನವರು ಚಪ್ಪಾಳೆ ತಟ್ಟಿದರು.

"ಆಗ್ಲಿಲ್ಲ!" ಎಂದೆ. "ಈ ಗಾಡಿಯ ಸ್ಟಿಯರಿಂಗ್ ಬದಲಾಯ್ಸಿದ್ದಾರೆ. ಆ ಗಾಜು ನೋಡು, ಕಾಲಡಿ ಹಾಸು ಎತ್ತಿ ನೋಡು."

ಇಲಾರಿಯೋನನ ನಗು ಹೋಗಲಿಲ್ಲ, ಸ್ವಲ್ಪ ಸಣ್ಣದಾಯಿತು. "ಬದಲಾಯ್ಸಿದ್ರೆ ಏನೀಗ? ಊರಲ್ಲಿ ಅರ್ಧ ಗಾಡಿ ಹಾಗೇ ಇರೋದು."

"ಏನೂ ಇಲ್ಲ. ಮೊದ್ಲೇ ಹೇಳಿದ್ರೆ ಬೆಸುಗೆ ಎಲ್ಲಿದೆ ತೋರ್ಸು ಅಂತಿದ್ದೆ. ನೀನು ನಿಮ್ಮಮ್ಮನ ಮೇಲೆ ಆಣೆ ಇಟ್ಟೆ. ಅಮ್ಮನ್ನೇ ಮಾರಿದೋನು ಬೆಸುಗೆ ಹೆಂಗೆ ಹಾಕ್ಸಿರ್ತೀಯ?"

"ಬಾಯಿಗೆ ಬಂದಂಗೆ ಮಾತಾಡ್ಬೇಡಿ. ಚಲ್ಯಾ ಆಗಿದೆ. ಎಲ್ಲಾರೂ ನೋಡಿದ್ದಾರೆ. ಗಾಡಿ ನಿಮ್ದು, ದುಡ್ಡು ತೆಗೀರಿ."

ನೆಲಿದಾ ಟಾರ್ಪಾಲಿನ ಕೆಳಗಿನಿಂದ ಎದ್ದು ಬಂದಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿತ್ತು. ಅವಳು ನನ್ನನ್ನಾಗಲಿ ಗಾಡಿಯನ್ನಾಗಲಿ ನೋಡುತ್ತಿರಲಿಲ್ಲ, ಚಕ್ರವನ್ನು ನೋಡುತ್ತಿದ್ದಳು. ಅವಳ ಅಜ್ಜಿಯ ಮಾತು ಅವಳ ತಲೆಯಲ್ಲಿ ಓಡುತ್ತಿದೆ ಎಂದು ನನಗೆ ಗೊತ್ತಾಯಿತು. ಗಾಡಿ ತೆಗೆದುಕೊಂಡರೆ ಸರೋವರದ ತಿರುವು, ಬಿಟ್ಟರೆ ಮಗುವಿನ ಮೇಲೆ ಭಯ. ಎರಡರ ನಡುವೆ ನನ್ನ ಮಗಳು ಆಲಿಕಲ್ಲಿನಲ್ಲಿ ಬರಿತಲೆಯಲ್ಲಿ ನಿಂತಿದ್ದಳು.

ನಾನೂ ಚಕ್ರ ನೋಡಿದೆ. ಎಲ್ಲವೂ ಒದ್ದೆ, ಆದರೆ ಆಲಿಕಲ್ಲಿಗೆ ನೊರೆ ಬರುವುದಿಲ್ಲ. ನೊರೆ ನೆಲದ ಮೇಲಿತ್ತು, ಚಕ್ರದಿಂದ ಒಂದು ಗೇಣು ಈಚೆ.

"ದೋನ್ಯಾ ಪಾಸ್ಕುವಾಲಾ," ಎಂದೆ, "ನೀವು ಹಿರಿಯರು, ಪ್ರತಿ ಸಂತೆಗೂ ಈ ಸಾಲಲ್ಲೇ ಕೂರೋರು. ಬಿಯರು ಎಲ್ಲಿ ಬಿದ್ದಿದೆ ನೋಡಿ ಹೇಳಿ."

ಮುದುಕಿ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು. ಸಮಯ ತೆಗೆದುಕೊಂಡಳು. "ನೆಲದ ಮೇಲೆ," ಎಂದಳು. "ಟೈರು ಬಿಯರು ಕುಡಿದಿಲ್ಲ."

"ನೆಲಕ್ಕೆ ಬಿಟ್ರೆ ಅದು ಭೂಮ್ತಾಯಿಗೆ," ಎಂದೆ. "ಗ್ಲಾಸು ಕೈಗೆ ಬಂದ್ರೆ ಯಾರಾದ್ರೂ ಮೊದಲ ತೊಟ್ಟು ಅವಳಿಗೆ ಬಿಡ್ತಾರೆ. ಅದು ಮರ್ಯಾದೆ, ವ್ಯಾಪಾರ ಅಲ್ಲ."

"ಬಗ್ಗಿದ್ದು ಟೈರಿಗೆ!" ಎಂದ ಇಲಾರಿಯೋನ್. "ಅವನನ್ನೇ ಕೇಳಿ!"

"ಅದು ಸರಿ," ಎಂದಳು ಮುದುಕಿ. ಸೌಟಿನಿಂದ ರುಫೀನೊನ ಕಡೆ ತೋರಿಸಿದಳು. "ಲೇ ಹುಡುಗಾ, ಯಾರಿಗೆ ಬಿಟ್ಟೆ?"

ರುಫೀನೊ ಕೆಂಪು ಗಾಡಿಯನ್ನು ನೋಡಿದ. ಹಿಂದಿನ ಕಿಟಕಿಯಲ್ಲಿ ದಾಮರಿಸ್ ಗಾಜಿಗೆ ಮೂಗು ಒತ್ತಿಕೊಂಡಿದ್ದಳು. ಅವನು ಹೆಂಡತಿಯ ಕಡೆ ತಿರುಗಿ, ಅವಳಿಗೆ ಮಾತ್ರ ಹೇಳುವ ಹಾಗೆ, "ಭೂಮ್ತಾಯಿಗೆ" ಎಂದ.

"ಮುಗೀತು," ಎಂದಳು ಪಾಸ್ಕುವಾಲಾ. "ಬಿಯರಿನ ದುಡ್ಡು ಕೊಟ್ಟು ಹೊರಡಿ. ನನ್ನ ಗಂಜಿ ತಳ ಹಿಡೀತಿದೆ."

ಬಿಯರು, ಹಾರ, ಬಣ್ಣದ ಕಾಗದ ಎಲ್ಲ ಸೇರಿ ಇಲಾರಿಯೋನ್ ನೂರೈವತ್ತು ಬೊಲಿವಿಯಾನೊ ಕಿತ್ತುಕೊಂಡ. ಕೊಟ್ಟೆ. ದಾಮರಿಸ್‌ಳನ್ನು ಗಾಡಿಯಿಂದ ಇಳಿಸಲು ಇಬ್ಬರು ಬೇಕಾಯಿತು.

ಅವತ್ತು ಏನೂ ಕೊಳ್ಳಲಿಲ್ಲ. ಬಾಡಿಗೆ ಲಾರಿಯಲ್ಲೇ ವಾಪಸು ಹೋದೆವು, ದಾರಿಯುದ್ದಕ್ಕೂ ನಾನು ನೆಲಿದಾಳ ಮುಖವನ್ನೇ ನೋಡುತ್ತಿದ್ದೆ. ಲಾರಿ ಕುಲುಕಿದಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಭಾನುವಾರ ನಾನೂ ರುಫೀನೊನೂ ಇಬ್ಬರೇ ಹೋದೆವು. ಸಾಲಿನ ಕೊನೆಯಲ್ಲಿ ಒಂದು ಬಿಳಿ ಪಿಕಪ್ ಸಿಕ್ಕಿತು. ಕೆಂಪು ಗಾಡಿಗಿಂತ ಹತ್ತು ವರ್ಷ ಹಳೆಯದು, ಬಾಗಿಲು ಎರಡೇ, ಸೀಟಿನ ಹಿಂದೆ ಮಕ್ಕಳು ಮೊಣಕಾಲು ಮಡಚಿ ಕೂರುವಷ್ಟು ಸಂದು. ಬಾಗಿಲ ಕೆಳಗೆ ತುಕ್ಕು. ನಾನು ಮೊದಲು ಹತ್ತಿ ಹಾಸು ಎತ್ತಿದೆ, ನನ್ನ ಕಡೆಯ ಕಾರ್ಪೆಟ್ಟು ಸವೆದಿರಲಿಲ್ಲ. ಆಮೇಲೆ ಗಂಜಿ ಅಜ್ಜಿಯಿಂದ ಒಂದು ಚೊಂಬು ನೀರು ತಂದು ಗಾಜಿಗೆ ಸುರಿದು ವೈಪರ್ ಹಾಕಿಸಿದೆ. ಗಾಡಿಯವನಿಗೆ ನನಗೆ ತಲೆ ಕೆಟ್ಟಿದೆ ಎನ್ನಿಸಿರಬೇಕು. ಏಳು ಸಾವಿರದ ಇನ್ನೂರಕ್ಕೆ ಒಪ್ಪಿದ.

ಊರಿಗೆ ಬರುವಾಗ ಸರೋವರದ ತಿರುವು ದಾಟಿದ ಮೇಲೆ ರುಫೀನೊ ಬಾಯಿಬಿಟ್ಟ.

"ಅತ್ತೇ, ಅವತ್ತು ನಾನು ಟೈರಿಗೇ ಬಿಡ್ಬೇಕು ಅಂತ ಬಗ್ಗಿದ್ದು. ಇಷ್ಟೊಂದು ದುಡ್ಡಲ್ವಾ, ನಿಮ್ಮ ಅಂಗಡೀದು. ಕೈ ನಡುಗ್ತಿತ್ತು. ಅದಕ್ಕೇ ಆಚೆ ಬಿತ್ತು." ರಸ್ತೆಯಿಂದ ಕಣ್ಣು ತೆಗೆಯದೆ, "ನೆಲಿದಾಗೆ ಹೇಳ್ಬೇಡಿ," ಎಂದ.

"ಏನನ್ನ? ಈ ಎಂಜಿನ್ ಸದ್ದಲ್ಲಿ ನಂಗೇನೂ ಕೇಳಿಸ್ತಿಲ್ಲ," ಎಂದೆ.

ಕೇಳಿಸಿತ್ತು. ಮೂರು ವಾರ ಆ ಮಾತು ಎದೆಯ ಮೇಲೆ ಕೂತಿತ್ತು. ಒಂದು ಬೆಳಿಗ್ಗೆ ನೆಲಿದಾಗೆ ನೋವು ಬಂತು. ಮಳೆ ಸುರಿಯುತ್ತಿತ್ತು. ರುಫೀನೊ ಓಡಿಸಿದ, ನೆಲಿದಾ ನಡುವೆ, ನಾನು ಅಂಚಿಗೆ. ದಾರಿಯಲ್ಲಿ ಯಾರನ್ನೂ ಹತ್ತಿಸಿಕೊಳ್ಳಲು ನಿಲ್ಲಲಿಲ್ಲ. ಹುಡುಗಿ ಆಸ್ಪತ್ರೆಯ ಹಾಸಿಗೆಯ ಮೇಲೆ ಹುಟ್ಟಿದಳು, ಜೋರಾಗಿ ಅತ್ತಳು, ಬೆರಳುಗಳೆಲ್ಲ ಸರಿಯಾಗಿದ್ದವು.

ನನ್ನ ಎರಡು ಮೀಟರ್ ಫುಟ್‌ಪಾತು ಹೋಯಿತು. ಈಗ ಅಲ್ಲಿ ಯಾರೋ ಮೊಬೈಲಿನ ಕವರು ಮಾರುತ್ತಾರೆ. ದಾಮರಿಸ್‌ಗೆ ಅವಳ ಕಿಟಕಿ ಹೋಯಿತು, ಅದನ್ನು ಅವಳು ಇನ್ನೂ ಮರೆತಿಲ್ಲ. ಬಂದದ್ದು ತುಕ್ಕು ಹಿಡಿದ ಒಂದು ಬಿಳಿ ಗಾಡಿ. ಮಳೆ ಬಂದರೆ ಅದರಲ್ಲಿ ರುಫೀನೊನ ಮುಂದಿನ ಗಾಜು ಅಂಚಿನವರೆಗೂ ಸ್ವಚ್ಛವಾಗುತ್ತದೆ, ನನ್ನ ಕಡೆಯದು ಆಗುವುದಿಲ್ಲ. ನನಗೆ ಅರ್ಧ ರಸ್ತೆ ಕಾಣುವುದಿಲ್ಲ.