ಪೆದ್ರೆತ್ತಿಯವರ ಸ್ವಂತ ದನಿ

ಹ್ಯೂಸ್ಟನ್ನಿನ ಕನ್ನಡ ಸಂಘಕ್ಕೆ ತುರ್ತಾಗಿ ಒಬ್ಬ ಬಿಳಿಯ ಬೇಕಾಗಿದ್ದ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸಂಘಗಳು ಸೇರಿ ವರ್ಷಕ್ಕೊಮ್ಮೆ ನಡೆಸುವ ಸಮಾವೇಶದಲ್ಲಿ ಈ ಸಲ ನಾಟಕದ ಸರದಿ ಹ್ಯೂಸ್ಟನ್ನಿನವರದು. ನಾಟಕ ಒಬ್ಬ ಪಾಳೆಯಗಾರನದು. ಪಾಳೆಯಗಾರನಿದ್ದ ಮೇಲೆ ಅವನ ಕೋಟೆಗೆ ಮುತ್ತಿಗೆ ಹಾಕಲು ಒಬ್ಬ ಇಂಗ್ಲಿಷ್ ದೊರೆಯೂ ಇರಬೇಕಲ್ಲ. ಇಷ್ಟು ವರ್ಷ ಯಾವುದಾದರೂ ಬಡಪಾಯಿ ಸಾಫ್ಟ್‌ವೇರ್ ಎಂಜಿನಿಯರನ ಮುಖಕ್ಕೆ ಅರ್ಧ ಡಬ್ಬಿ ಪೌಡರ್ ಬಳಿದು ದೊರೆಯನ್ನು ತಯಾರಿಸುತ್ತಿದ್ದರು. ಎಡವಿದರೆ ಬಿಳಿಯರೇ ಸಿಗುವ ಟೆಕ್ಸಸ್ಸಿನಲ್ಲಿ ಅರ್ಧ ಆಯುಷ್ಯ ಕಳೆದರೂ, ಅವರಲ್ಲೇ ಒಬ್ಬರನ್ನು ಕರೆದು ಕೇಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಆ ವರ್ಷವಷ್ಟೇ ಸಂಘ ಸೇರಿದ್ದ ತುಂಗಾಳಿಗೆ. ಹುಬ್ಬಳ್ಳಿಯ ಹುಡುಗಿ, ಹ್ಯೂಸ್ಟನ್ನಿನ ಪಕ್ಕದ ದ ವುಡ್‌ಲ್ಯಾಂಡ್ಸ್‌ನ ಒಂದು ಎನರ್ಜಿ ಕಂಪನಿಯಲ್ಲಿ ಎಂಜಿನಿಯರ್. ಅವಳ ಪಕ್ಕದ ಮನೆಯ ಕ್ಲೌದಿಯಾ ಅದೇ ಕಂಪನಿಯಲ್ಲಿ ದೊಡ್ಡ ಹುದ್ದೆಯವಳು. ಕ್ಲೌದಿಯಾಳ ತಂದೆ ಸಿಲ್ವಾನೊ ಪೆದ್ರೆತ್ತಿಯವರಿಗೆ ಎಂಬತ್ತರ ಹತ್ತಿರ. ಹೆಂಡತಿ ತೀರಿಕೊಂಡ ಮೇಲೆ ರೋಮ್ ಬಿಟ್ಟು ಮಗಳ ಮನೆಗೆ ಬಂದು, ಹುಲ್ಲು ಕತ್ತರಿಸುವ ಯಂತ್ರಗಳ ಸದ್ದು ಕೇಳುತ್ತ ವರಾಂಡದಲ್ಲಿ ಕೂತಿರುತ್ತಿದ್ದರು.

"ಅಂಕಲ್, ನಮ್ಮ ನಾಟಕದಲ್ಲಿ ನೀವು ಬ್ರಿಟಿಷ್ ದೊರೆ ಆಗ್ತೀರಾ?" ಎಂದು ತುಂಗಾ ಬೇಲಿಯಾಚೆಯಿಂದ ಇಂಗ್ಲಿಷಿನಲ್ಲಿ ಕೇಳಿದಳು.

"ನಾನು ಇಟಲಿಯವನಮ್ಮ."

"ಪರವಾಗಿಲ್ಲ. ನಮ್ಮವರಿಗೆ ಅದೆಲ್ಲ ಒಂದೇ."

ಪೆದ್ರೆತ್ತಿಯವರಿಗೆ ಬೇಸರವೇನೂ ಆಗಲಿಲ್ಲ. ಅವರು ತುರ್ಕಿಯವರಾಗಿದ್ದರು, ರಷ್ಯದವರಾಗಿದ್ದರು, ಕುದುರೆ ಹತ್ತಲು ಬಾರದಿದ್ದರೂ ಮೆಕ್ಸಿಕೋದ ದರೋಡೆಕೋರರಾಗಿದ್ದರು. ಬ್ರಿಟಿಷರಾಗುವುದೇನು ಮಹಾ. ಕೇಳಿದ್ದು ಒಂದೇ ಪ್ರಶ್ನೆ.

"ಮಾತಿದೆಯಾ?"

"ಬೇಕಾದಷ್ಟಿದೆ."

"ಯಾರು ಆಡ್ತಾರೆ?"

ಮುದುಕರಿಗೆ ಅರಳುಮರಳೇನೋ ಎಂದುಕೊಂಡ ತುಂಗಾ, "ನೀವೇ ಅಲ್ವಾ ಅಂಕಲ್!" ಎಂದಳು. ಪೆದ್ರೆತ್ತಿಯವರು ತಕ್ಷಣ ಒಪ್ಪಿಕೊಂಡರು.

ಅದು ಅರಳುಮರಳಿನ ಪ್ರಶ್ನೆಯಲ್ಲ. ಅಂಕೋನಾ ಎಂಬ ಬಂದರಿನಲ್ಲಿ ಮೀನು ಮಾರುವವನ ಮಗನಾಗಿ ಹುಟ್ಟಿದ ಪೆದ್ರೆತ್ತಿಯವರು ಚಿಕ್ಕಂದಿನಲ್ಲೇ ಒಂದು ಅಲೆಮಾರಿ ನಾಟಕ ಕಂಪನಿ ಸೇರಿ, ಊರೂರಿನ ಮುರುಕು ವೇದಿಕೆಗಳ ಮೇಲೆ ಗಂಟಲು ಹರಿಯುವಂತೆ ಕೂಗಿ ಹೆಸರು ಮಾಡಿದವರು. ಒಬ್ಬ ಸಿನೆಮಾ ನಿರ್ದೇಶಕ ಅವರ ಮುಖ ನೋಡಿ ಹುಚ್ಚಾದ. ಚಕ್ರವರ್ತಿಯ ಮೂಗು, ಕೊಲೆಗಾರನ ಕಣ್ಣು, ಒಂದೇ ಮುಖದಲ್ಲಿ! ಆದರೆ ದನಿ? ಸ್ವಲ್ಪ ಒಡಕು, ಸ್ವಲ್ಪ ಮೂಗಿನದು, ಊರಿನ ಮೀನುಪೇಟೆಯ ರಾಗ ಬೇರೆ. ಆ ಕಾಲದ ಇಟಲಿಯ ಸಿನೆಮಾದವರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚಿತ್ರೀಕರಣ ಮುಗಿಸಿ, ಆಮೇಲೆ ಸ್ಟುಡಿಯೊದಲ್ಲಿ ಬೇರೆಯವರಿಂದ ದನಿ ಕೊಡಿಸಿದರಾಯಿತು. ಪೆದ್ರೆತ್ತಿಯವರ ಪಾಲಿಗೆ ಬಂದವನು ಬ್ರೂನೊ ಎಂಬ ದಢೂತಿ ಆಸಾಮಿ. ಇವರು ಮಳೆಯಲ್ಲಿ ನೆನೆದು, ಕುದುರೆಯಿಂದ ಬಿದ್ದು, ಕೆಸರಿನಲ್ಲಿ ಸಾಯುತ್ತಿದ್ದರು. ಅವನು ಕಾಫಿ ಕುಡಿಯುತ್ತ ತಂಪು ಕೋಣೆಯಲ್ಲಿ ಇವರ ಕೊನೆಯ ಮಾತು ಹೇಳುತ್ತಿದ್ದ. ಪತ್ರಿಕೆಯವರು 'ಪೆದ್ರೆತ್ತಿಯ ಎದೆ ನಡುಗಿಸುವ ಕಂಠ' ಎಂದು ಕಾಲಂಗಟ್ಟಲೆ ಬರೆದರು. ಅಭಿಮಾನಿಗಳು ಕೆಫೆಯಲ್ಲಿ ಮುತ್ತಿಕೊಂಡು ಮಾತಾಡಿಸಿ, ಇವರು ಬಾಯಿ ಬಿಟ್ಟ ಕೂಡಲೇ ನಿರಾಶರಾಗಿ ಎದ್ದುಹೋದರು. ಇಡೀ ವೃತ್ತಿಜೀವನ ಹೀಗೇ ಭರ್ಜರಿಯಾಗಿ ನಡೆಯಿತು.

ಮಗಳು ಹುಟ್ಟುವ ಹೊತ್ತಿಗೆ ನಾಟಕ ಕಂಪನಿ ಮುಚ್ಚಿಹೋಗಿತ್ತು. ಅವಳಿಗೆ ಐದು ವರ್ಷವಿದ್ದಾಗ ಅಪ್ಪನ ಸಿನೆಮಾಕ್ಕೆ ಕರೆದುಕೊಂಡು ಹೋದರು. ತೆರೆಯ ಮೇಲೆ ಪೆದ್ರೆತ್ತಿ ಬಾಯಿ ತೆರೆದದ್ದೇ ತಡ, ಮಗು ಕಿಟಾರನೆ ಕಿರುಚಿತು: ಅಪ್ಪನ ಬಾಯೊಳಗೆ ಬೇರೆ ಯಾರೋ ಇದ್ದಾರೆ! ಅಲ್ಲಿಂದಾಚೆಗೆ ಕ್ಲೌದಿಯಾ ಅಪ್ಪನ ಒಂದು ಸಿನೆಮಾವನ್ನೂ ನೋಡಲಿಲ್ಲ. ಅಪ್ಪ ನಟನೆಂಬುದು ಅವಳಿಗೆ ಕೇಳಿ ಗೊತ್ತಿದ್ದ ಸಂಗತಿ, ಅಷ್ಟೆ. ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ತನ್ನ ಬಾಯಿಂದ ತನ್ನದೇ ದನಿ ಬರುವಾಗ ಮಗಳು ಎದುರಿಗೆ ಕೂತಿರಬೇಕು ಎಂಬ ಆಸೆ ಮುದುಕರನ್ನು ಒಳಗೇ ತಿನ್ನುತ್ತಿತ್ತು. ಅದು ಯಾವ ಭಾಷೆಯಲ್ಲಾದರೂ ಸರಿ.

ಕನ್ನಡದಲ್ಲಿ ಆಗುವುದೆಂದು ಮಾತ್ರ ಅವರು ಎಣಿಸಿರಲಿಲ್ಲ. ತುಂಗಾ ದಿನವೂ ಸಂಜೆ ಬಂದು ಪಾಠ ಹೇಳಿದಳು. ದೊರೆಯ ಮುಖ್ಯ ಮಾತು ಇದು: "ಸೂರ್ಯ ಮುಳುಗುವುದರೊಳಗೆ ಕೋಟೆಯ ಬಾಗಿಲು ತೆಗೆಸು ನಾಯಕ! ಇಲ್ಲದಿದ್ದರೆ ನಿನ್ನ ಮೀಸೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸುತ್ತೇನೆ!" ಬೋಳಿಸುವುದರ ಳಕಾರಕ್ಕೆ ನಾಲಗೆ ಮಡಚಿ ಮಡಚಿ ಪೆದ್ರೆತ್ತಿಯವರಿಗೆ ದವಡೆ ನೋವು ಬಂತು. ಆದರೂ ಬಿಡಲಿಲ್ಲ. ಹಲ್ಲುಜ್ಜುವಾಗ, ತರಕಾರಿ ಹೆಚ್ಚುವಾಗ, ಕ್ಲೌದಿಯಾ ಮನೆಯಲ್ಲಿಲ್ಲದ ಹೊತ್ತಿನಲ್ಲೆಲ್ಲ ಗೋಡೆಗಳ ಮೀಸೆ ಬೋಳಿಸಿದರು. ಎದುರಿನ ನಾಯಕ ಏನನ್ನುತ್ತಾನೆಂದು ತಿಳಿಯದೆ ಮಾತಾಡಿ ಅಭ್ಯಾಸವಿಲ್ಲವೆಂದು ಅವನ ಮಾತುಗಳನ್ನೂ ಬಾಯಿಪಾಠ ಮಾಡಿಕೊಂಡರು.

ನಾಯಕ ಬೇರಾರೂ ಅಲ್ಲ, ಡಾಕ್ಟರ್ ಪ್ರಭಂಜನ. ಹ್ಯೂಸ್ಟನ್ನಿಗೇ ಅಂಟಿಕೊಂಡ ಮಿಸೌರಿ ಸಿಟಿಯ ಹೃದಯತಜ್ಞರು, ಈಗ ನಿವೃತ್ತರು. ಹೃದಯದಿಂದ ನಿವೃತ್ತರಾದರೂ ನಾಟಕದಿಂದ ಆಗಿರಲಿಲ್ಲ. ರಚನೆ ಅವರದು, ನಿರ್ದೇಶನ ಅವರದು, ನಾಯಕನ ಪಾತ್ರ ಅವರದು. ಬೇರೆಯವರಿಗೂ ಏನಾದರೂ ಉಳಿಯಲಿ ಎಂಬ ಉದಾರ ಮನಸ್ಸಿನಿಂದ ಪರದೆ ಎಳೆಯುವ ಕೆಲಸ ಬಿಟ್ಟುಕೊಟ್ಟಿದ್ದರು. ಅವರ ಮನೆಯ ಗ್ಯಾರೇಜಿನಲ್ಲಿ ತಾಲೀಮು ನಡೆಯಿತು. ಪೆದ್ರೆತ್ತಿಯವರ ಮಾತು ಕೇಳಿದಾಗಲೆಲ್ಲ ಡಾಕ್ಟರು "ವಂಡರ್‌ಫುಲ್, ವಂಡರ್‌ಫುಲ್" ಎನ್ನುತ್ತಿದ್ದರು.

ಕೊನೆಯ ತಾಲೀಮಿಗೆ ಡಲ್ಲಾಸಿನಿಂದ ಶ್ರೀಕರ್ ಎಂಬ ಸಾಫ್ಟ್‌ವೇರಿನವನು ಲ್ಯಾಪ್‌ಟಾಪು, ದೊಡ್ಡ ಸ್ಪೀಕರುಗಳ ಸಮೇತ ಬಂದಿಳಿದ. ಬಟನ್ ಒತ್ತಿದ. ಸ್ಪೀಕರಿನಿಂದ ದೊರೆ ಗುಡುಗಿದ: "ಸೂರ್ಯ ಮುಳುಗುವುದರೊಳಗೆ..." ದನಿ ಪ್ರಭಂಜನರದು.

ಈ ಸಂಘದ ನಾಟಕಗಳ ಪದ್ಧತಿಯೇ ಹಾಗೆ. ಹಿಂದೊಮ್ಮೆ ನಡುಸಭೆಯಲ್ಲಿ ಮೈಕು ಕೈಕೊಟ್ಟಿದ್ದರಿಂದ ಅಂದಿನಿಂದ ಎಲ್ಲ ಮಾತುಗಳನ್ನೂ ಮೊದಲೇ ರೆಕಾರ್ಡ್ ಮಾಡುತ್ತಿದ್ದರು. ವೇದಿಕೆಯ ಮೇಲೆ ಕಲಾವಿದರು ತುಟಿ ಆಡಿಸಿ ಕೈ ಬೀಸಿದರೆ ಸಾಕು, ಕಲಾಸೇವೆ ಆದಂತೆ. ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಹೊಸಬರಿಗೆ ಹೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ. ರೆಕಾರ್ಡಿಂಗಿಗೆ ಡಲ್ಲಾಸಿನವರೆಗೆ ಹೋಗುವ ಕಷ್ಟ ವಯಸ್ಸಾದವರಿಗೇಕೆಂದು ಡಾಕ್ಟರು ದೊರೆಯ ಮಾತುಗಳನ್ನೂ ತಾವೇ ಹೇಳಿ ಮುಗಿಸಿದ್ದರು.

ತುಂಗಾಳ ಮುಖ ಕೆಂಪಾಯಿತು. "ಡಾಕ್ಟ್ರ, ಏನ್ರೀ ಇದು? ಮುದುಕ್ರು ಎಷ್ಟು ಕಷ್ಟಪಟ್ಟು ಕಲ್ತಾರ!"

"ನೋಡಮ್ಮ ತುಂಗಾ, ಅವರ ಕನ್ನಡ ಯಾರಿಗೆ ಅರ್ಥ ಆಗತ್ತೆ? ಮುಖ ಅವರದ್ದು, ದನಿ ನಂದು. ಎಷ್ಟು ಚೆನ್ನಾಗಿ ಹೊಂದಿದೆ ನೋಡು!"

"ಅಂದ್ರ ದೊರಿನೂ ನೀವ, ನಾಯಕನೂ ನೀವ. ನಿಮ್ಮ ಮೀಸಿ ನೀವ ಬೋಳಿಸ್ಕೋತೀರೇನ್ರೀ?"

ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರು ನಗಲಿಲ್ಲ. ಪೆದ್ರೆತ್ತಿಯವರಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಆ ಸ್ಪೀಕರಿನೊಳಗಿಂದ ಬಂದವನು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬ್ರೂನೊ ಸಮುದ್ರ ದಾಟಿ, ಕನ್ನಡ ಕಲಿತು, ಮಿಸೌರಿ ಸಿಟಿಗೆ ಬಂದು ಕಾದಿದ್ದ. ಅವರು ಎಲ್ಲರಿಗೂ ನಮಸ್ಕಾರ ಮಾಡಿ ಕಾರು ಹತ್ತಿದರು. ದಾರಿಯುದ್ದಕ್ಕೂ ತುಂಗಾ ಕ್ಷಮೆ ಕೇಳಿದಳು. ಅವರು ಕಿಟಕಿಯಾಚೆ ನೋಡುತ್ತಿದ್ದರು. ನಾಟಕಕ್ಕೆ ಹೋಗುವುದೇ ಬೇಡ ಎಂದುಕೊಂಡರು. ಮನೆಗೆ ಬಂದರೆ ಕ್ಲೌದಿಯಾ, "ಶನಿವಾರ ನಿನ್ನ ನಾಟಕಕ್ಕೆ ಅಂತಲೇ ಬಿಡುವು ಮಾಡ್ಕೊಂಡಿದೀನಿ ಅಪ್ಪ, ನಾನೇ ಡ್ರೈವ್ ಮಾಡ್ತೀನಿ" ಎಂದಳು. ಮಗಳೇ ಹೊರಟ ಮೇಲೆ ಅವರೂ ಹೊರಟರು.

ಆಸ್ಟಿನ್ನಿನ ಪಕ್ಕದ ರೌಂಡ್ ರಾಕ್‌ನಲ್ಲಿ ಒಂದು ಹೈಸ್ಕೂಲಿನ ಸಭಾಂಗಣ. ಅತಿಥಿಗಳ ಭಾಷಣ, ಅತಿಥಿಗಳನ್ನು ಪರಿಚಯಿಸಿದವರ ಭಾಷಣ, ಪರಿಚಯಿಸಿದವರಿಗೆ ಶಾಲು ಎಲ್ಲ ಮುಗಿದು ನಾಟಕ ಶುರುವಾಗುವ ಹೊತ್ತಿಗೆ ಸಭಿಕರ ಮೂಗಿಗೆ ಬಿಸಿಬೇಳೆಬಾತಿನ ವಾಸನೆ ಬಡಿದಿತ್ತು. ಕೆಂಪು ಕೋಟು ತೊಟ್ಟ ಪೆದ್ರೆತ್ತಿಯವರು ವೇದಿಕೆಗೆ ಬಂದಾಗ ಮೂರನೆಯ ಸಾಲಿನಲ್ಲಿ ಕ್ಲೌದಿಯಾ ಕಂಡಳು. ಫೋನಿನಲ್ಲಿ ಆಫೀಸಿನ ಮೇಲ್ ಓದುತ್ತಿದ್ದಳು.

ಸ್ಪೀಕರು ಗುಡುಗಿತು: "ಸೂರ್ಯ ಮುಳುಗುವುದರೊಳಗೆ..."

ಪೆದ್ರೆತ್ತಿಯವರು ತುಟಿ ಅಲುಗಿಸಲಿಲ್ಲ. ತಮ್ಮ ತುಟಿಗೆ ಬ್ರೂನೊ ದನಿ ಹೊಂದಿಸುತ್ತಿದ್ದನೇ ಹೊರತು, ಇನ್ನೊಬ್ಬನ ದನಿಗೆ ತುಟಿ ಹೊಂದಿಸುವ ಗತಿ ಅವರಿಗೆ ಬಂದಿರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಕಲಿಯುವ ಮನಸ್ಸೂ ಇರಲಿಲ್ಲ. ಬಾಯಿ ಬಿಗಿಹಿಡಿದು ನಾಯಕನನ್ನೇ ದುರುಗುಟ್ಟಿ ನೋಡುತ್ತ ನಿಂತರು. ಸ್ಪೀಕರು ಮೀಸೆ ಬೋಳಿಸಿ, ಕತ್ತೆ ಹತ್ತಿಸಿ, ಮೆರವಣಿಗೆ ಮಾಡಿ ಮುಗಿಸಿತು. ನಾಯಕನ ಉತ್ತರವೂ ಶುರುವಾಯಿತು. ಪ್ರಭಂಜನರು ಗಾಬರಿಯಲ್ಲಿ ತುಟಿ ಆಡಿಸತೊಡಗಿದರು. ಸಭೆಯಲ್ಲಿ ಗುಸುಗುಸು ಎದ್ದಿತು.

ವೇದಿಕೆಯ ಪಕ್ಕದ ಮರೆಯಲ್ಲಿ ಶ್ರೀಕರನ ಹಿಂದೆ ನಿಂತಿದ್ದ ತುಂಗಾ ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಪಟ್ಟೆಂದು ಮುಚ್ಚಿದಳು.

ಸಭಾಂಗಣ ಮೌನವಾಯಿತು. ಆ ಮೌನದೊಳಗೆ ಪೆದ್ರೆತ್ತಿಯವರು ಮಾತಾಡಿದರು. ಒಡಕು ದನಿ, ಮೂಗಿನ ದನಿ. ಮೈಕಿಲ್ಲದೆ ಕೊನೆಯ ಸಾಲಿಗೆ ತಲುಪಿಸಿ ಪಳಗಿದ ದನಿ. ಸೂರ್ಯ ನಿಜವಾಗಿಯೂ ಮುಳುಗುತ್ತಿರುವಂತೆ, ಬಾಗಿಲು ತೆಗೆಯದಿದ್ದರೆ ತನ್ನ ಎದೆಯೇ ಒಡೆದುಹೋಗುವಂತೆ ಹೇಳಿದರು. ಅವರ ಕನ್ನಡ ಅರ್ಧ ಜನಕ್ಕೆ ಅರ್ಥವಾಗಲಿಲ್ಲ. ಆದರೂ ಒಬ್ಬರೂ ಕೆಮ್ಮಲಿಲ್ಲ.

ಈಗ ಉತ್ತರ ಕೊಡಬೇಕಾದವರು ಪ್ರಭಂಜನರು. ತಾವೇ ಬರೆದ ಮಾತು, ಒಂದಕ್ಷರವೂ ನೆನಪಿಗೆ ಬರಲಿಲ್ಲ! ಪೆದ್ರೆತ್ತಿಯವರು ಕತ್ತಿ ಹಿರಿದು ಹೆದರಿಸುವ ನೆಪದಲ್ಲಿ ಹತ್ತಿರ ಬಂದು, ಸಭೆಗೆ ಬೆನ್ನು ಮಾಡಿ, "ನನ್ನ ಮೀಸೆ ನನ್ನ ತಾಯಿ ಕೊಟ್ಟದ್ದು, ದೊರೆ" ಎಂದು ಪಿಸುಗುಟ್ಟಿದರು. ಡಾಕ್ಟರು ಅದನ್ನೇ ಹಿಡಿದು, ನಡುಗುವ ಸಣ್ಣ ದನಿಯಲ್ಲಿ ಹೇಳಿದರು. ವೇದಿಕೆಯ ಮೇಲೆ ಡಾಕ್ಟರ ನಿಜವಾದ ದನಿ ಅಷ್ಟು ಸಣ್ಣದೆಂದು ಸಂಘದವರಿಗೆ ಅಂದೇ ತಿಳಿದದ್ದು. ದೃಶ್ಯ ಮುಗಿದಾಗ ಬಿದ್ದ ಚಪ್ಪಾಳೆಗೆ ಡಾಕ್ಟರು ಎಲ್ಲರಿಗಿಂತ ಮೊದಲು ತಲೆಬಾಗಿದರು. ಅಭ್ಯಾಸ, ಪಾಪ.

ಒಳಗಿನ ಕೋಣೆಯಲ್ಲಿ ಪೆದ್ರೆತ್ತಿಯವರು ಕೋಟಿನ ಗುಂಡಿ ಬಿಚ್ಚುತ್ತಿದ್ದಾಗ ಪ್ರಭಂಜನರು ಬಂದು ಅವರ ಕೈ ಹಿಡಿದುಕೊಂಡರು. ಕೃತಜ್ಞತೆಯಿಂದ ಅವರ ಕಣ್ಣು ತುಂಬಿತ್ತು. "ಮುಂದಿನ ವರ್ಷ ನಿಮ್ಮ ದನಿನೇ ರೆಕಾರ್ಡ್ ಮಾಡೋಣ ಸರ್, ಪ್ರಾಮಿಸ್!" ಎಂದು ಇಂಗ್ಲಿಷಿನಲ್ಲಿ ಹೇಳಿ, ಭಾರಿ ಉಪಕಾರ ಮಾಡಿದವರಂತೆ ಊಟಕ್ಕೆ ನಡೆದರು.

ಬಾಗಿಲಲ್ಲಿ ಕ್ಲೌದಿಯಾ ನಿಂತಿದ್ದಳು. ಮುಖವೆಲ್ಲ ಒದ್ದೆಯಾಗಿತ್ತು. ಅಪ್ಪನ ಪಕ್ಕದಲ್ಲಿದ್ದ ತುಂಗಾಳ ಕಡೆ ತಿರುಗಿದಳು.

"ಅಪ್ಪ ಹೇಳಿದ್ದರ ಅರ್ಥ ಏನು?"

"ಕೋಟೆ ಬಾಗಿಲು ತೆಗೀದಿದ್ರೆ ಮೀಸೆ ಬೋಳಿಸಿ ಕತ್ತೆ ಮೇಲೆ ಮೆರವಣಿಗೆ ಮಾಡಿಸ್ತೀನಿ ಅಂತ."

ಕ್ಲೌದಿಯಾಳಿಗೆ ಅಳುವಿನ ನಡುವೆಯೇ ನಗು ಉಕ್ಕಿ ಬಂತು. ಎರಡನ್ನೂ ತಡೆದುಕೊಳ್ಳಲಾರದೆ ಬಂದು ಅಪ್ಪನ ಎದುರು ಕುರ್ಚಿ ಎಳೆದು ಕೂತಳು.

"ಇನ್ನೊಂದು ಸಲ ಹೇಳು, ಅಪ್ಪ."

ಪೆದ್ರೆತ್ತಿಯವರು ಬಿಚ್ಚಿದ ಗುಂಡಿಗಳನ್ನು ಮತ್ತೆ ಹಾಕಿಕೊಂಡು ಎದ್ದು ನಿಂತು ಹೇಳಿದರು. ಕ್ಲೌದಿಯಾ ಅವರ ಬಾಯನ್ನೇ ನೋಡುತ್ತ ಕೂತಿದ್ದಳು.