ಅಕ್ಕನ ಕಾಲಿನ ತಪ್ಪು

ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಬಿಚ್ಚಿದೊಡನೆ ತಪ್ಪು ಯಾರದೆಂದು ಮೆಕ್ಯಾನಿಕ್‌ಗೆ ಗೊತ್ತಾಯಿತು. ಕ್ಲಚ್ ಪ್ಲೇಟು ರಿವೆಟ್ ಕಾಣುವಷ್ಟು ಸವೆದಿತ್ತು. ಆದರೆ ಅದರ ಮೈಯೆಲ್ಲ ಎಣ್ಣೆ. ಎಂಜಿನ್ನಿನ ಹಿಂಬದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಓರೆಯಾಗಿ ಕೂತಿತ್ತು. ಅಲ್ಲಿಂದ ಎಣ್ಣೆ ಜಿನುಗಿ, ಪ್ಲೇಟು ಹಿಡಿತ ಸಿಗದೆ ಜಾರಿ ಜಾರಿ ಸವೆದಿತ್ತು. ಎಂಟು ತಿಂಗಳ ಹಿಂದೆ ಈ ಕಾರಿನ ಎಂಜಿನ್ ಇಳಿಸಿ, ವೇಗ ಹೆಚ್ಚಲೆಂದು ಟರ್ಬೊ ಹಾಕಿದಾಗ ಆ ಸೀಲ್ ಕೂರಿಸಿದವನು ಅವನೇ.

ಕಾರು ಅವನ ಅಕ್ಕನದು. ವಾರವಿಡೀ ಶಾಲೆಯಲ್ಲಿ ಲೆಕ್ಕ ಕಲಿಸುವ ಅಕ್ಕ, ಭಾನುವಾರ ಬಂತೆಂದರೆ ಊರಾಚೆಯ ಹಳೆಯ ರನ್‌ವೇಯಲ್ಲಿ ಕಾರೋಟಕ್ಕೆ ಇಳಿಯುತ್ತಿದ್ದಳು. ಹೋದ ತಿಂಗಳು ಎಲ್ಲರ ಕಣ್ಣೆದುರೇ ಕಾರು ಬರೀ ಅರಚಿತು, ಮುಂದೆ ಹೋಗಲಿಲ್ಲ. ತನ್ನ ಕೈಕೆಲಸದ ಬಗ್ಗೆ ಯಾರಾದರೂ ಕೇಳುವ ಮೊದಲೇ ಅವನು ನಗುತ್ತ ಹೇಳಿಬಿಟ್ಟಿದ್ದ: "ಕಾರಲ್ಲೇನೂ ಇಲ್ಲ. ನಮ್ಮಕ್ಕನ ಎಡಗಾಲು ಕ್ಲಚ್ ಮೇಲೇ ಸಂಸಾರ ಹೂಡಿದೆ."

ಮಾತು ಮನೆಗೂ ಮುಟ್ಟಿತು. ಊಟಕ್ಕೆ ಕೂತಾಗಲೆಲ್ಲ ಭಾವ ಅದನ್ನೇ ಹೇಳಿ ನಗಿಸಿದರು. ಅಕ್ಕನೂ ನಕ್ಕಳು. ಆಮೇಲೆ ಶಾಲೆಗೆ ಬಸ್ಸು ಹಿಡಿಯತೊಡಗಿದಳು. ಭಾವನ ಕಾರನ್ನೂ ಮುಟ್ಟಲಿಲ್ಲ.

ಅವನು ಎಣ್ಣೆ ಒರೆಸಿ, ಹೊಸ ಸೀಲ್ ಕೂರಿಸಿ, ಸುತ್ತ ಬೆರಳಾಡಿಸಿ ನೋಡಿದ. ಹಳೆಯ ಪ್ಲೇಟು ಗುಜರಿಗೆ ಹೋದರೆ ಕತೆ ಮುಗಿಯಿತು. ಅದನ್ನು ಅತ್ತ ಎಸೆಯುವಷ್ಟರಲ್ಲಿ ಅಕ್ಕ ಬಂದಳು, ತೋಳಿನ ತುಂಬ ಚಾಕ್‌ಪುಡಿ. ಹಳೇ ಪ್ಲೇಟು ತೋರಿಸೆಂದಳು.

"ಎಲ್ಲಿ ತಪ್ಪು ಮಾಡ್ತಿದೀನಿ ಹೇಳ್ಕೊಡೋ. ಮನೇಲಿ ಕುರ್ಚಿ ಮೇಲೆ ಕೂತು, ಕ್ಲಚ್ ಬಿಡೋ ಹಾಗೆ ಕಾಲು ಎತ್ತಿಡೋದನ್ನ ರೂಢಿ ಮಾಡ್ಕೊಳ್ತಿದೀನಿ."

ಅವನು ಪ್ಲೇಟನ್ನು ಅವಳ ಕೈಗಿಟ್ಟ. "ನಿನ್ನ ಕಾಲಿಂದ ಏನೂ ಆಗಿಲ್ಲ ಅಕ್ಕ. ಸೀಲ್ ಓರೆ ಕೂರಿಸಿದ್ದು ನಾನು."

ಅವಳು ಪ್ಲೇಟನ್ನು ಮೂಸಿ ನೋಡಿದಳು. "ಅವತ್ತೇ ಗೊತ್ತಿತ್ತಾ?"

"ಇಲ್ಲ. ನೋಡದೇನೇ ಹೇಳ್ಬಿಟ್ಟೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೇರ್‌ಬಾಕ್ಸ್ ಏರಿಸುವಾಗ ಒಂದು ಕಡೆ ಹಿಡಿದುಕೊಂಡಳು, ಬೋಲ್ಟುಗಳನ್ನು ಒಂದೊಂದಾಗಿ ಎತ್ತಿಕೊಟ್ಟಳು. ಹೊರಡುವಾಗ ಮಾತ್ರ, ಭಾವನಿಗೆ ನೀನೇ ಹೇಳಬೇಕು ಎಂದಳು.

ಅವತ್ತೇ ಹೋಗಿ ಹೇಳಿದ. ಭಾವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮತ್ತೆ ಅವರು ಆ ಮಾತೆತ್ತಲಿಲ್ಲ.

ಹೊಸ ಕ್ಲಚ್ ಹದಕ್ಕೆ ಬರಲೆಂದು ಅಕ್ಕ ಕೆಲವು ವಾರ ಮೆಲ್ಲಗೆ ಶಾಲೆಗೆ ಓಡಿಸಿದಳು. ನಂತರ ಒಂದು ಭಾನುವಾರ ರನ್‌ವೇಗೆ ಬಂದಳು. ಅಲ್ಲಿದ್ದ ಟೈರ್ ಅಂಗಡಿಯವನು, "ಟೀಚರ್, ಎಡಗಾಲು ಮನೇಲಿ ಬಿಟ್ಟು ಬಂದಿದೀರಿ ತಾನೆ?" ಎಂದ. ಸುತ್ತಲಿದ್ದವರು ನಕ್ಕರು.

ಅಲ್ಲೇ ಇದ್ದ ತಮ್ಮ ಮುಂದೆ ಬಂದು, ತಪ್ಪು ನನ್ನದು, ಸೀಲ್ ಕೂರಿಸಿದ್ದು ನಾನೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಟೈರ್ ಅಂಗಡಿಯವನು ಅವನ ಬೆನ್ನು ತಟ್ಟಿದ. "ತಮ್ಮ ಅಂದ್ರೆ ಹೀಗಿರ್ಬೇಕು ನೋಡಿ. ಅಕ್ಕನ ತಪ್ಪನ್ನ ತಾನೇ ಹೊತ್ಕೊಳ್ತಾನೆ."

ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ ಅಕ್ಕ ಒಮ್ಮೆ ತಮ್ಮನ ಮುಖ ನೋಡಿ ಕಾರು ಹತ್ತಿದಳು.